ಮದುವೆ ನೋಂದಣಿ ಯಾಕೆ ಬೇಕು? ಹೆಣ್ಣುಮಕ್ಕಳಿಗೆ ಕಾನೂನು ಕೊಟ್ಟ ಹಕ್ಕುಗಳೇನು? ಇಲ್ಲಿದೆ ಪೂರ್ತಿ ಮಾಹಿತಿ

ಮಹಾಲಿಂಗಪುರ: "ನಮ್ದೇನ್ ಓಡಿಹೋಗಿ ಆದ ಮದ್ವೀನ್ರಿ? ಊರ ಮಂದಿ ಮುಂದ ಅಕ್ಕಿಕಾಳು ಬಿದ್ದಾವ, ಜಂಗಮರು ಬಂದಿದ್ರು, ಸಾವಿರ ಮಂದಿ ಉಂಡ ಹೋಗ್ಯಾರ. ಮತ್ತ ನೋಂದಣಿ ಯಾಕ ಬೇಕ್ರಿ?"

ಮದುವೆ ನೋಂದಣಿ ಮಾಡಿಸಿದ್ದೀರಾ ಅಂತ ಕೇಳಿದರೆ ಮಹಾಲಿಂಗಪುರ, ರಬಕವಿ-ಬನಹಟ್ಟಿ, ಮುಧೋಳ, ಜಮಖಂಡಿ ಕಡೆ ಸಾಮಾನ್ಯವಾಗಿ ಬರುವ ಉತ್ತರ ಇದು. ಮಾತು ಸುಳ್ಳಲ್ಲ. ಊರ ಮುಂದೆ ಸಂಪ್ರದಾಯದ ಪ್ರಕಾರ ಆದ ಮದುವೆ ಕಾನೂನಿನ ಪ್ರಕಾರವೂ ಮದುವೆಯೇ. ಆದರೆ ಉಂಡು ಹೋದ ಸಾವಿರ ಮಂದಿಯಲ್ಲಿ ಹತ್ತು ವರ್ಷದ ನಂತರ ಕೋರ್ಟಿಗೆ ಬಂದು ಸಾಕ್ಷಿ ಹೇಳುವವರು ಎಷ್ಟು ಮಂದಿ ಅನ್ನೋದೇ ಪ್ರಶ್ನೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಪರಿಹಾರದ ಹಣ, ವಿಧವಾ ವೇತನ, ಪಿಎಫ್, ಹೊಲದ ಉತಾರದಲ್ಲಿ ವಾರ್ಸಾ, ಎಲ್ಲ ಕಡೆ ಹೆಂಡತಿಗೆ ಕೇಳುವ ಮೊದಲ ಮಾತು ಒಂದೇ: "ನೀವು ಅವರ ಹೆಂಡತಿ ಅನ್ನೋದಕ್ಕೆ ಕಾಗದ ಏನೈತಿ?" ಆ ಹೊತ್ತಿನಲ್ಲಿ ಗಂಡನ ಮನೆಯವರು ಜೊತೆಗಿದ್ದರೆ ಸರಿ. ಇಲ್ಲದಿದ್ದರೆ ತಾಳಿ ಕಟ್ಟಿಸಿಕೊಂಡವಳೇ ತನ್ನ ಮದುವೆ ಸಾಬೀತು ಮಾಡಲು ಅಲೆಯಬೇಕಾಗುತ್ತದೆ.

ಹೆಣ್ಣುಮಕ್ಕಳ ರಕ್ಷಣೆಗೆ ಕಾನೂನುಗಳು ಕಡಿಮೆ ಇಲ್ಲ. ಆ ಕಾನೂನುಗಳ ಬಾಗಿಲು ಬೇಗ ತೆರೆಯಬೇಕಾದರೆ ಕೈಯಲ್ಲಿ ಪುರಾವೆ ಇರಬೇಕು. ಎಲ್ಲರೂ ಚೆನ್ನಾಗಿರುವಾಗಲೇ ಅದನ್ನು ಮಾಡಿಸಿಟ್ಟುಕೊಳ್ಳಬೇಕು.

ಒಂದೇ ನೋಟದಲ್ಲಿ

- ಮದುವೆ ವಯಸ್ಸು: ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು.
- ನೋಂದಣಿ: ಉಪನೋಂದಣಾಧಿಕಾರಿ ಕಚೇರಿಯಲ್ಲಿ (ಜನ ಕರೆಯೋದು ಸಬ್ ರಿಜಿಸ್ಟ್ರಾರ್ ಆಫೀಸ್).
- ನೋಂದಣಿ ಮಾಡಿಸಿಲ್ಲ ಅಂದ ಮಾತ್ರಕ್ಕೆ ಮದುವೆ ರದ್ದಾಗುವುದಿಲ್ಲ. ಸಾಬೀತು ಮಾಡುವುದು ಕಷ್ಟವಾಗುತ್ತದೆ.
- ಬಾಂಡ್ ಪೇಪರ್, ನೋಟರಿ ಸಹಿ ಇದ್ದರೆ ಮದುವೆಯೂ ಆಗುವುದಿಲ್ಲ, ವಿಚ್ಛೇದನವೂ ಆಗುವುದಿಲ್ಲ.
- ಮೊದಲ ಹೆಂಡತಿ ಒಪ್ಪಿದರೂ ಹಿಂದೂ ಗಂಡಸಿನ ಎರಡನೇ ಮದುವೆ ಸಿಂಧು ಅಲ್ಲ.
- ಸಹಾಯವಾಣಿ: ತುರ್ತು 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100.

ಕಾನೂನಿನ ಪ್ರಕಾರ ಮದುವೆ ಅಂದರೆ ಯಾವುದು?

ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಹಿಂದೂ, ಲಿಂಗಾಯತ, ಜೈನ, ಬೌದ್ಧ, ಸಿಖ್ ಎಲ್ಲರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಕಲಂ 5ರ ಪ್ರಕಾರ ಮದುವೆ ಹೊತ್ತಿಗೆ ಇಬ್ಬರಿಗೂ ಜೀವಂತ ಗಂಡ ಅಥವಾ ಹೆಂಡತಿ ಇರಬಾರದು, ವಯಸ್ಸು ತುಂಬಿರಬೇಕು, ಒಪ್ಪಿಗೆ ಕೊಡುವಷ್ಟು ಮಾನಸಿಕ ಸ್ವಾಸ್ಥ್ಯ ಇರಬೇಕು, ನಿಷೇಧಿತ ರಕ್ತಸಂಬಂಧ ಇರಬಾರದು.

ಇಲ್ಲಿ ನಮ್ಮ ಭಾಗದವರಿಗೆ ಒಂದು ಅನುಮಾನ ಬರುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಉತ್ತರ ಕರ್ನಾಟಕದಲ್ಲಿ ಹಳೆಯ ರೂಢಿ. ಇದು ತಪ್ಪೇ? ಸಮುದಾಯದಲ್ಲಿ ಆ ಪದ್ಧತಿ ಮೊದಲಿನಿಂದ ನಡೆದುಬಂದಿದ್ದರೆ ಕಾನೂನು ಅದಕ್ಕೆ ವಿನಾಯಿತಿ ಕೊಟ್ಟಿದೆ. ಸಂಬಂಧದಲ್ಲಿ ಆದ ಮದುವೆ ಅಂತ ನೋಂದಣಿಗೆ ಹಿಂಜರಿಯಬೇಕಿಲ್ಲ.

ಕಲಂ 7ರ ಪ್ರಕಾರ ಹುಡುಗ ಅಥವಾ ಹುಡುಗಿ, ಯಾರದಾದರೂ ಒಬ್ಬರ ಕಡೆಯ ರೂಢಿಯಂತೆ ಶಾಸ್ತ್ರ ನಡೆದಿರಬೇಕು. ಸಪ್ತಪದಿ ಪದ್ಧತಿ ಇರುವವರಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ. ಸಪ್ತಪದಿ ಇಲ್ಲದ ಸಮುದಾಯಗಳಲ್ಲಿ ಅವರವರ ತಾಳಿ, ಅಕ್ಕಿಕಾಳಿನ ಶಾಸ್ತ್ರವೇ ಸಾಕು.

ಶಾಸ್ತ್ರ ಏನೂ ಮಾಡದೆ ಬರೀ ಸರ್ಟಿಫಿಕೇಟ್ ತಗೊಂಡರೆ? ಅದು ನಡೆಯುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನೋಂದಣಿ ಅನ್ನೋದು ನಡೆದ ಮದುವೆಗೆ ಪುರಾವೆ. ನಡೆಯದ ಮದುವೆಯನ್ನು ಅದು ಹುಟ್ಟಿಸುವುದಿಲ್ಲ.

ಶಾಸ್ತ್ರ ಬೇಡ ಅನ್ನುವವರಿಗೆ, ಬೇರೆ ಬೇರೆ ಧರ್ಮದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಮೊದಲೇ ನೋಟಿಸ್ ಕೊಡಬೇಕು. ನೋಟಿಸ್ ಕಚೇರಿಯಲ್ಲಿ ಅಂಟಿಸುತ್ತಾರೆ. 30 ದಿನದಲ್ಲಿ ಕಾನೂನುಬದ್ಧ ಆಕ್ಷೇಪಣೆ ಬರದಿದ್ದರೆ ಮೂವರು ಸಾಕ್ಷಿಗಳ ಎದುರು ಮದುವೆ ನಡೆಯುತ್ತದೆ. "ಜಾತಿ ಬೇರೆ", "ಮನೆಯವರಿಗೆ ಇಷ್ಟ ಇಲ್ಲ" ಅನ್ನೋದು ಕಾನೂನುಬದ್ಧ ಆಕ್ಷೇಪಣೆ ಅಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಅದನ್ನು ತಡೆಯಲು ಜಾತಿ ಪಂಚಾಯ್ತಿಗಾಗಲಿ, ಮನೆಯವರಿಗಾಗಲಿ ಅಧಿಕಾರ ಇಲ್ಲ ಅಂತ 2018ರ ಶಕ್ತಿವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೆದರಿಕೆ ಇದ್ದರೆ ಪೊಲೀಸರು ರಕ್ಷಣೆ ಕೊಡಬೇಕು.

ನೋಂದಣಿ ಕಡ್ಡಾಯವೇ?

ಹೌದು. ಕರ್ನಾಟಕದಲ್ಲಿ ಮದುವೆ ನೋಂದಣಿಗೆ 1976ರ ಕಾಯ್ದೆಯೇ ಇದೆ. ಅದು ಎಲ್ಲ ಧರ್ಮದವರಿಗೂ ಅನ್ವಯ. 2006ರ ಫೆಬ್ರವರಿ 14ರಂದು ಸೀಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಆಗಬೇಕು ಅಂತ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಬಾಲ್ಯವಿವಾಹ ತಡೆಯಲು, ಮೊದಲ ಮದುವೆ ಮುಚ್ಚಿಟ್ಟು ಎರಡನೇ ಮದುವೆ ಆಗುವುದನ್ನು ತಪ್ಪಿಸಲು, ಬಿಟ್ಟುಹೋದ ಗಂಡನಿಂದ ಜೀವನಾಂಶ ಪಡೆಯಲು, ವಿಧವೆಯ ಆಸ್ತಿ ಹಕ್ಕು ಉಳಿಸಲು ನೋಂದಣಿ ಬೇಕು ಅನ್ನೋದು ಅದರ ಹಿಂದಿನ ಉದ್ದೇಶ.

ಮದುವೆಯಾಗಿ 30 ದಿನದೊಳಗೆ ಮಾಡಿಸುವುದು ಒಳ್ಳೆಯದು. ತಡವಾಗಿದ್ದರೂ ಮಾಡಿಸಬಹುದು. ಹತ್ತು-ಹದಿನೈದು ವರ್ಷದ ಹಿಂದೆ ಮದುವೆಯಾದವರೂ ಮಾಡಿಸಿಕೊಳ್ಳಬಹುದು.

ಏನೇನು ಬೇಕು?

- ಗಂಡ-ಹೆಂಡತಿ ಇಬ್ಬರ ಆಧಾರ್ ಕಾರ್ಡ್
- ವಯಸ್ಸಿನ ದಾಖಲೆ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರ
- ಮದುವೆ ಲಗ್ನಪತ್ರಿಕೆ
- ಮದುವೆಯ ಫೋಟೊ (ತಾಳಿ ಕಟ್ಟುವ ಅಥವಾ ಅಕ್ಕಿಕಾಳಿನ ಫೋಟೊ ಇದ್ದರೆ ಉತ್ತಮ) ಮತ್ತು ಪಾಸ್‌ಪೋರ್ಟ್ ಅಳತೆಯ ಫೋಟೊ
- ಗುರುತಿನ ಚೀಟಿ ಇರುವ ಮೂವರು ಸಾಕ್ಷಿಗಳು
- ಇಬ್ಬರಲ್ಲಿ ಯಾರಾದರೂ ವಿಚ್ಛೇದಿತರಾಗಿದ್ದರೆ ಕೋರ್ಟ್ ಡಿಕ್ರಿ, ಮೊದಲ ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ

2024ರಲ್ಲಿ ರಾಜ್ಯ ಸರ್ಕಾರ ಕಾವೇರಿ 2.0 ತಂತ್ರಾಂಶದಲ್ಲಿ ಹಿಂದೂ ವಿವಾಹಗಳ ಆನ್‌ಲೈನ್ ನೋಂದಣಿ ಶುರು ಮಾಡಿದೆ. ಮೊಬೈಲ್‌ಗೆ ಆಧಾರ್ ಜೋಡಣೆಯಾಗಿದ್ದರೆ ಮನೆಯಿಂದಲೇ ಅರ್ಜಿ ಹಾಕಬಹುದು. ಆಗದವರು ನೇರವಾಗಿ ಕಚೇರಿಗೆ ಹೋಗಬಹುದು. ಸರ್ಕಾರಿ ಶುಲ್ಕ ಬಹಳ ಕಡಿಮೆ. ಸಾವಿರಗಟ್ಟಲೆ ಕೇಳುವವರು ಮಧ್ಯವರ್ತಿಗಳು. ಹಣ ಕಟ್ಟಿದ ಮೇಲೆ ರಸೀದಿ ಕೇಳಿ ಪಡೆಯಿರಿ.

ನಮ್ಮ ಭಾಗದಲ್ಲಿ ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರ ಕಡೆ ಬೀಗತನ ಮಾಡುವವರು ಬಹಳ. ಮದುವೆ ಮಹಾರಾಷ್ಟ್ರದಲ್ಲಿ ಆಗಿದ್ದರೆ ಅಲ್ಲಿನ ಲಗ್ನಪತ್ರಿಕೆ, ಫೋಟೊ, ಮಂಗಲ ಕಾರ್ಯಾಲಯದ ರಸೀದಿ ಜೋಪಾನ ಮಾಡಿ. ಎಲ್ಲಿ ನೋಂದಣಿ ಮಾಡಿಸಬೇಕು ಅನ್ನೋದನ್ನು ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಎರಡೆರಡು ಸಲ ಅಡ್ಡಾಡುವುದು ತಪ್ಪುತ್ತದೆ.

ಅಂತರ್ಜಾತಿ ಮದುವೆಗೆ ಸಮಾಜ ಕಲ್ಯಾಣ ಇಲಾಖೆ ಕೊಡುವ ಪ್ರೋತ್ಸಾಹಧನಕ್ಕೂ ನೋಂದಣಿ ಪತ್ರ ಬೇಕೇ ಬೇಕು.

ಬಾಂಡ್ ಪೇಪರ್ ಮದುವೆ, ಸೋಡಚೀಟಿ: ಮೋಸ ಹೋಗಬೇಡಿ

ನೂರು ರೂಪಾಯಿ ಬಾಂಡಿನ ಮೇಲೆ "ನಾವಿಬ್ಬರೂ ಗಂಡ-ಹೆಂಡತಿ" ಅಂತ ಬರೆಸಿ ನೋಟರಿ ಸಿಕ್ಕಾ ಹೊಡೆಸಿದರೆ ಮದುವೆ ಆಯ್ತು ಅಂತ ಬಹಳ ಹುಡುಗ-ಹುಡುಗಿಯರು ನಂಬಿದ್ದಾರೆ. ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಮದುವೆ ಮಾಡಿಸುವ, ಬಿಡಿಸುವ ಅಧಿಕಾರ ನೋಟರಿಗಳಿಗೆ ಇಲ್ಲ ಅಂತ ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ಮತ್ತೊಮ್ಮೆ ಎಚ್ಚರಿಸಿದೆ.

ಇದೇ ಮಾತು ಸೋಡಚೀಟಿಗೂ ಅನ್ವಯ. ಗಂಡ-ಹೆಂಡತಿಗೆ ಹೊಂದಿಕೆ ಆಗಲಿಲ್ಲ ಅಂತ ಹಿರಿಯರು ಕೂತು, ಇಂತಿಷ್ಟು ದುಡ್ಡು ಕೊಟ್ಟು, ಬಾಂಡ್ ಮೇಲೆ ಸಹಿ ಮಾಡಿಸಿ ಬಿಡಿಸುವುದು ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಸಮುದಾಯದಲ್ಲಿ ಅಂಥ ವಿಚ್ಛೇದನದ ಪದ್ಧತಿ ಇದ್ದರೆ ಹಿಂದೂ ವಿವಾಹ ಕಾಯ್ದೆಯ ಕಲಂ 29 ಅದನ್ನು ಉಳಿಸಿದೆ ನಿಜ. ಆದರೆ ಆ ಪದ್ಧತಿ ಇದೆ ಅಂತ ಕೋರ್ಟಿನಲ್ಲಿ ಸಾಕ್ಷಿ ಸಮೇತ ಸಾಬೀತು ಮಾಡಬೇಕು, ಅದು ಸುಲಭ ಅಲ್ಲ. ಸಾಬೀತಾಗದಿದ್ದರೆ ಮೊದಲ ಮದುವೆ ಹಾಗೇ ಉಳಿಯುತ್ತದೆ. ಆಮೇಲೆ ಆದ ಉಡಿಕಿ ಮದುವೆ ಅಸಿಂಧು ಆಗುತ್ತದೆ. ಇದರ ಪೆಟ್ಟು ಬೀಳೋದು ಹೆಚ್ಚಾಗಿ ಹೆಣ್ಣಿಗೇ.

ಇಬ್ಬರಿಗೂ ಬೇಡ ಅಂತ ಆಗಿದ್ದರೆ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆಯಬಹುದು. ಹಿರಿಯರು ರಾಜಿ ಮಾಡಿಸಲಿ, ತಪ್ಪಿಲ್ಲ. ಕೊನೆಯ ಸಹಿ ಮಾತ್ರ ಕೋರ್ಟಿನಲ್ಲಿ ಆಗಬೇಕು.

ಸೋಡಚೀಟಿ ನಂಬಿ ಎರಡನೇ ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಸಮಾಧಾನ ಇದೆ. ಮೊದಲ ಗಂಡನಿಂದ ಕಾಗದದ ಮೇಲೆ ಬೇರೆಯಾಗಿ, ಕೋರ್ಟ್ ವಿಚ್ಛೇದನ ಪಡೆಯದೆ, ಇನ್ನೊಬ್ಬನನ್ನು ಮದುವೆಯಾದ ತೆಲಂಗಾಣದ ಮಹಿಳೆಗೆ ಎರಡನೇ ಗಂಡ ಜೀವನಾಂಶ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಉಷಾರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಎಲ್ಲ ಗೊತ್ತಿದ್ದೇ ಮದುವೆಯಾದ ಗಂಡ ಆಮೇಲೆ "ನಿನ್ನ ಮೊದಲ ಮದುವೆ ಮುರಿದಿಲ್ಲ" ಅಂತ ಜಾರಿಕೊಳ್ಳುವ ಹಾಗಿಲ್ಲ.

18 ತುಂಬದ ಹುಡುಗಿಯ ಮದುವೆ: ಪೆಂಡಾಲಿನವರೂ ಎಚ್ಚರ

ಬೇರೆ ಕೆಲವು ರಾಜ್ಯಗಳಲ್ಲಿ ಬಾಲ್ಯವಿವಾಹ ನಡೆದುಹೋದರೆ ಅದನ್ನು ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕದಲ್ಲಿ ಹಾಗಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ರಾಜ್ಯ ಮಾಡಿದ 2016ರ ತಿದ್ದುಪಡಿ ಜಾರಿಯಾದ ಮೇಲೆ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಂದರೆ ಎಷ್ಟೇ ಧಾಂ ಧೂಂ ಮಾಡಿದರೂ ಕಾನೂನಿನ ಕಣ್ಣಿಗೆ ಆ ಮದುವೆ ನಡೆದೇ ಇಲ್ಲ.

"ಈಗ ಮಾಡಿ ಇಡೂಣು, 18 ಆದ ಮ್ಯಾಲ ನೋಂದಣಿ ಮಾಡಸೂಣು" ಅನ್ನುವವರು ಇದನ್ನು ಗಮನಿಸಬೇಕು. ಮದುವೆ ತಾರೀಖು ತಿದ್ದಿ ಸುಳ್ಳು ಮಾಹಿತಿ ಕೊಡುವುದೂ ಅಪರಾಧ. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ 18ರ ಒಳಗಿನ ಹೆಂಡತಿಯ ಜೊತೆ ದೈಹಿಕ ಸಂಪರ್ಕ ಅತ್ಯಾಚಾರವೇ. ಹುಡುಗಿ ಹೆರಿಗೆಗೆ ಆಸ್ಪತ್ರೆಗೆ ಹೋದಾಗ ವಯಸ್ಸು ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರ ಕರ್ತವ್ಯ. ಕೈಗೂಸು ತೊಟ್ಟಿಲಲ್ಲಿ, ಗಂಡ ಜೈಲಿನಲ್ಲಿ ಅನ್ನುವ ಸ್ಥಿತಿ ಬರುತ್ತದೆ.

ಶಿಕ್ಷೆ ಗಂಡಿನ ಕಡೆಯವರಿಗೆ ಮಾತ್ರ ಅಂದುಕೊಂಡಿದ್ದರೆ ತಪ್ಪು. ಬಾಲ್ಯವಿವಾಹ ಮಾಡಿಸಿದವರು, ನಡೆಸಿದವರು, ಅದಕ್ಕೆ ಕುಮ್ಮಕ್ಕು ಕೊಟ್ಟವರು, ಗೊತ್ತಿದ್ದೂ ತಡೆಯದ ತಂದೆ-ತಾಯಿ ಎಲ್ಲರೂ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದ್ದರಿಂದ ಲಗ್ನಪತ್ರಿಕೆ ಹಾಕುವ ಪ್ರಿಂಟಿಂಗ್ ಪ್ರೆಸ್‌ನವರು, ಮಂಗಲ ಕಾರ್ಯಾಲಯದವರು, ಪೆಂಡಾಲ್, ಅಡುಗೆ, ಬ್ಯಾಂಡ್, ಫೋಟೊದವರು ಮುಂಗಡ ತಗೊಳ್ಳುವ ಮೊದಲು ಹುಡುಗ-ಹುಡುಗಿಯ ವಯಸ್ಸಿನ ದಾಖಲೆಯ ಜೆರಾಕ್ಸ್ ಇಸಿದುಕೊಂಡರೆ ಅವರಿಗೇ ಕ್ಷೇಮ. ಗಿರಾಕಿ ಬೇಜಾರಾದರೆ "ಕಾಯ್ದೆ ಐತ್ರಿ, ನಮ್ಮ ಕೈಯಾಗ ಏನಿಲ್ಲ" ಅಂದರೆ ಮುಗಿಯಿತು. ಜಾತ್ರೆ, ಮಠಗಳಲ್ಲಿ ಸಾಮೂಹಿಕ ವಿವಾಹ ಮಾಡಿಸುವ ಸಮಿತಿಯವರೂ ಹೆಸರು ಬರೆದುಕೊಳ್ಳುವಾಗಲೇ ದಾಖಲೆ ನೋಡಬೇಕು. ಅದೇ ದಾಖಲೆ ಇಟ್ಟುಕೊಂಡು ಎಲ್ಲ ಜೋಡಿಗಳ ನೋಂದಣಿಯನ್ನೂ ಒಟ್ಟಿಗೆ ಮಾಡಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಬಾಲ್ಯವಿವಾಹ ನಡೆಯುವ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಿ. ಇಲ್ಲವೇ ಸಿಡಿಪಿಒ, ತಹಶೀಲ್ದಾರ್, ಪಿಡಿಒ, ಪೊಲೀಸ್ ಠಾಣೆಗೆ ತಿಳಿಸಿ. ಇಂಥ ಮದುವೆಗೆ ಸಿಕ್ಕಿಬಿದ್ದ ಹುಡುಗಿಗೆ ಜೀವನಾಂಶ ಕೇಳುವ ಅವಕಾಶ ಕಾಯ್ದೆಯಲ್ಲಿದೆ. ಅವಳಿಗೆ ಹುಟ್ಟಿದ ಮಕ್ಕಳು ಕಾನೂನುಬದ್ಧ ಮಕ್ಕಳೇ.

ಎರಡನೇ ಮದುವೆ: ಯಾರಿಗೆ ಏನು ಹಕ್ಕು?

ಗಂಡು ಮಗು ಆಗಲಿಲ್ಲ, ಮಕ್ಕಳೇ ಆಗಲಿಲ್ಲ ಅಂತ ಎರಡನೇ ಮದುವೆ ಮಾಡುವುದು ನಮ್ಮ ಭಾಗದಲ್ಲಿ ಹೊಸದಲ್ಲ. ಎಷ್ಟೋ ಸಲ ಮೊದಲ ಹೆಂಡತಿಯಿಂದಲೇ "ನನ್ನ ತಕರಾರಿಲ್ಲ" ಅಂತ ಬರೆಸಿಕೊಳ್ಳುತ್ತಾರೆ. ಆ ಕಾಗದ ಯಾವ ಕೆಲಸಕ್ಕೂ ಬರುವುದಿಲ್ಲ. ಮೊದಲ ಹೆಂಡತಿ ಇರುವಾಗ ಆದ ಮದುವೆ ಕಲಂ 11ರ ಪ್ರಕಾರ ಅಸಿಂಧು. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 82ರಂತೆ 7 ವರ್ಷದವರೆಗೆ ಸಜೆ. ಮೊದಲ ಮದುವೆ ಮುಚ್ಚಿಟ್ಟು ಮಾಡಿಕೊಂಡಿದ್ದರೆ 10 ವರ್ಷದವರೆಗೆ.

ಈ ಅಪರಾಧಕ್ಕೆ ನೊಂದವರೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಕೊಡಬೇಕು. ಮೊದಲ ಹೆಂಡತಿಯ ಪರವಾಗಿ ಅವಳ ತಂದೆ-ತಾಯಿ, ಅಣ್ಣ-ತಮ್ಮಂದಿರೂ ಕೊಡಬಹುದು. ಆಗ ತನ್ನ ಮದುವೆ ಶಾಸ್ತ್ರಬದ್ಧವಾಗಿ ಆಗಿತ್ತು ಅಂತ ತೋರಿಸುವುದು ಮೊದಲ ಕೆಲಸ. ನೋಂದಣಿ ಪತ್ರ ಇದ್ದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತದೆ.

ಎರಡನೆಯವಳ ಪರಿಸ್ಥಿತಿ ಏನು? ಕಾನೂನಿನ ಪ್ರಕಾರ ಅವಳು ಹೆಂಡತಿ ಅಲ್ಲ, ಗಂಡನ ಆಸ್ತಿಗೆ ಹೆಂಡತಿಯಾಗಿ ವಾರಸುದಾರಳೂ ಅಲ್ಲ. ಆದರೆ ಮೊದಲ ಮದುವೆ ಮುಚ್ಚಿಟ್ಟು ಅವಳನ್ನು ಮೋಸ ಮಾಡಿದ್ದರೆ ಜೀವನಾಂಶ ಕೊಡಲೇಬೇಕು ಅಂತ 2013ರ ಬಾದಶಾಹ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲ ಗೊತ್ತಿದ್ದೂ ಮದುವೆಯಾದವನ ಜೊತೆ ಸಂಸಾರ ಮಾಡಿದರೆ ರಕ್ಷಣೆ ಕಡಿಮೆ. ಅದೇ ವರ್ಷ ಬೆಂಗಳೂರಿನಿಂದ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ ಆ ಮಹಿಳೆಗೆ ಕೌಟುಂಬಿಕ ಹಿಂಸೆ ಕಾಯ್ದೆಯ ಪರಿಹಾರ ಸಿಗಲಿಲ್ಲ. ಹೀಗಾಗಿ ಹುಡುಗನ ಬಗ್ಗೆ ವಿಚಾರಿಸುವಾಗ ಹೊಲ, ಮನೆ, ನೌಕರಿ ಕೇಳುವಷ್ಟೇ ಗಟ್ಟಿಯಾಗಿ "ಮೊದಲೊಂದು ಮದುವಿ ಆಗೇತೇನು?" ಅಂತ ಕೇಳಬೇಕು.

ಮಕ್ಕಳ ತಪ್ಪು ಏನೂ ಇಲ್ಲ. ಎರಡನೇ ಮದುವೆಯ ಮಕ್ಕಳು ಕಲಂ 16ರ ಪ್ರಕಾರ ಕಾನೂನುಬದ್ಧ ಮಕ್ಕಳು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಅಪ್ಪನ ಸ್ವಂತ ಗಳಿಕೆಯಲ್ಲಿ ಅವರಿಗೆ ಪಾಲಿದೆ. ಪಿತ್ರಾರ್ಜಿತ ಆಸ್ತಿಯಲ್ಲೂ ವಾಟ್ನಿಯಾಗಿ ಅಪ್ಪನ ಪಾಲಿಗೆ ಬರುವ ಭಾಗದಲ್ಲಿ ಅವರಿಗೆ ಹಕ್ಕಿದೆ. ಆದರೆ ಅಜ್ಜ, ಕಾಕಾಗಳ ಪಾಲಿನಲ್ಲಿ ನೇರವಾಗಿ ಕೇಳುವ ಹಕ್ಕಿಲ್ಲ.

ಗಂಡನ ಮನೆಯಲ್ಲಿ ಹೆಣ್ಣಿನ ಹಕ್ಕು

*ಬಂಗಾರ, ಭಾಂಡೆ ಸಾಮಾನು:* ತವರಿನವರು ಮತ್ತು ಗಂಡನ ಮನೆಯವರು ಹುಡುಗಿಗೆ ಕೊಟ್ಟ ಬಂಗಾರ, ಬಟ್ಟೆ, ಪಾತ್ರೆ, ಹಣ ಎಲ್ಲ ಸ್ತ್ರೀಧನ. ಅದರ ಮಾಲಕಿ ಅವಳೊಬ್ಬಳೇ ಅಂತ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಪಾಗಿದೆ. ಕೇಳಿದಾಗ ಕೊಡದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಸರಾಫರ ಅಂಗಡಿಯಲ್ಲಿ ಬಿಲ್ಲು ಹುಡುಗಿಯ ಹೆಸರಿನಲ್ಲೇ ಬರೆಸಿ. ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಎರಡೂ ಕಡೆಯವರು ಸಹಿ ಮಾಡಬೇಕು ಅಂತ 1985ರ ನಿಯಮವೇ ಇದೆ. ಮಾಡುವವರು ಕಡಿಮೆ, ಮಾಡಿದರೆ ಮುಂದೆ ಜಗಳ ಕಡಿಮೆ.

*ವರದಕ್ಷಿಣೆ:* 1961ರ ಕಾಯ್ದೆ ಪ್ರಕಾರ ಕೊಡುವುದೂ ತಗೊಳ್ಳುವುದೂ ಅಪರಾಧ, ಕನಿಷ್ಠ 5 ವರ್ಷ ಸಜೆ. "ವರೋಪಚಾರ" ಅಂತ ಹೆಸರು ಬದಲಿಸಿದರೆ ಕಾನೂನು ಬದಲಾಗುವುದಿಲ್ಲ. ವರದಕ್ಷಿಣೆಗಾಗಿ ಅಥವಾ ಬೇರೆ ಕಾರಣಕ್ಕೆ ಗಂಡ, ಗಂಡನ ಸಂಬಂಧಿಕರು ಕ್ರೌರ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 85 ಅನ್ವಯ (ಮೊದಲು 498-ಎ ಅನ್ನುತ್ತಿದ್ದರು), 3 ವರ್ಷದವರೆಗೆ ಸಜೆ. ಗಂಡನ ಮನೆ ಬಿಟ್ಟು ತವರಿಗೆ ಬಂದವಳು ತವರಿನ ಊರಿನಲ್ಲೇ ಕೇಸು ಕೊಡಬಹುದು ಅಂತ 2019ರ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಹಾರಾಷ್ಟ್ರಕ್ಕೆ ಕೊಟ್ಟ ಮಗಳು ದೂರು ಕೊಡಲು ಮತ್ತೆ ಅಲ್ಲಿಗೇ ಹೋಗಬೇಕಿಲ್ಲ.

*ಮನೆಯಿಂದ ಹೊರಗೆ ಹಾಕಿದರೆ:* 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ಕಾಯ್ದೆ (2005) ಎಲ್ಲ ಧರ್ಮದ ಮಹಿಳೆಯರಿಗೂ ಇದೆ. ಹೊಡೆತ ಮಾತ್ರ ಹಿಂಸೆ ಅಲ್ಲ. ಬೈಗುಳ, ಖರ್ಚಿಗೆ ಕೊಡದಿರುವುದು, ಬಂಗಾರ ಕಿತ್ತುಕೊಳ್ಳುವುದು, ಹೊರಗೆ ಹಾಕುವುದೂ ಹಿಂಸೆಯೇ. ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕನ್ನು ಕೇಳಬಹುದು ಅಂತ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮ್ಯಾಜಿಸ್ಟ್ರೇಟ್ ಕೋರ್ಟ್ ರಕ್ಷಣಾ ಆದೇಶ, ವಾಸದ ಆದೇಶ, ಖರ್ಚಿನ ಹಣ, ಮಕ್ಕಳ ತಾತ್ಕಾಲಿಕ ಸುಪರ್ದು, ಪರಿಹಾರ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೊಡಬಹುದು. ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಸಜೆ. ತಾಲ್ಲೂಕಿನ ಸಿಡಿಪಿಒ ಅವರೇ ಇದಕ್ಕೆ ಸಂರಕ್ಷಣಾಧಿಕಾರಿ. ಅವರ ಕಚೇರಿಗೆ ಹೋಗಿ ಹೇಳಿದರೆ ವರದಿ ತಯಾರಿಸಿ ಕೋರ್ಟಿಗೆ ಕಳಿಸುತ್ತಾರೆ.

*ಜೀವನಾಂಶ:* ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 (ಹಳೆಯ 125) ಪ್ರಕಾರ ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ, ವಿಚ್ಛೇದಿತೆ, ಸಣ್ಣ ಮಕ್ಕಳು, ವಯಸ್ಸಾದ ತಂದೆ-ತಾಯಿ ಅರ್ಜಿ ಹಾಕಬಹುದು. ಹೆಂಡತಿ ಈಗ ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕ ಹಿಡಿಯಬೇಕು, ಇಬ್ಬರೂ ಆದಾಯ-ಆಸ್ತಿಯ ಅಫಿಡವಿಟ್ ಕೊಡಬೇಕು ಅಂತ 2020ರ ರಜನೀಶ್-ನೇಹಾ ತೀರ್ಪು ಹೇಳಿದೆ. ಆದೇಶವಾದ ಮೇಲೂ ಕೊಡದಿದ್ದರೆ ಗಂಡನ ಮೇಲೆ ವಾರಂಟ್ ಹೊರಡಿಸಬಹುದು, ಜೈಲಿಗೂ ಕಳಿಸಬಹುದು.

ಮುಸ್ಲಿಂ ಮಹಿಳೆಯರಿಗೆ

ನಿಕಾಹ್‌ನಾಮಾದ ಒಂದು ಪ್ರತಿ ಹುಡುಗಿಯ ಹತ್ತಿರವೇ ಇರಬೇಕು. ಮೆಹರ್ ಎಷ್ಟು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಅನ್ನೋದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಮೆಹರ್ ಹೆಣ್ಣಿನ ಹಕ್ಕು, ದಾನ ಅಲ್ಲ. ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳುವುದು 2019ರ ಕಾಯ್ದೆಯಂತೆ ಅಸಿಂಧು, 3 ವರ್ಷದವರೆಗೆ ಸಜೆ ಇರುವ ಅಪರಾಧ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಎಲ್ಲರ ಹಾಗೆ ಜೀವನಾಂಶ ಕೇಳಬಹುದು ಅಂತ 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ. ಸರ್ಕಾರಿ ನೋಂದಣಿಯನ್ನೂ ಮಾಡಿಸಿಟ್ಟುಕೊಂಡರೆ ಪಾಸ್‌ಪೋರ್ಟ್, ಬ್ಯಾಂಕ್ ಕೆಲಸಕ್ಕೆ ತೊಂದರೆ ಆಗುವುದಿಲ್ಲ.

ತವರಿನ ಆಸ್ತಿ ಮತ್ತು ದೇವರ ಹೆಸರಿನ ಮುತ್ತು

ಮದುವೆಯಾದ ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕಿದೆ. ಕೇಂದ್ರದ 2005ರ ತಿದ್ದುಪಡಿಯನ್ನು 2020ರ ವಿನೀತಾ ಶರ್ಮಾ ತೀರ್ಪು ಗಟ್ಟಿ ಮಾಡಿತು. ರಕ್ಷಾಬಂಧನ, ಪಂಚಮಿಗೆ ಸೀರೆ ಕೊಟ್ಟು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲು ಅಣ್ಣಂದಿರೂ, ಸಹಿ ಹಾಕುವ ಮೊದಲು ತಂಗಿಯರೂ ಪತ್ರ ಪೂರ್ತಿ ಓದಬೇಕು.

ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿದೆ. ಮುತ್ತು ಕಟ್ಟಿಸಿಕೊಂಡ ಮಹಿಳೆ ಮದುವೆ ಆಗಬಾರದು ಅನ್ನೋದು ಸುಳ್ಳು. ಅವಳು ಆದ ಮದುವೆ ಕಾನೂನುಬದ್ಧ, ಅದನ್ನೂ ನೋಂದಣಿ ಮಾಡಿಸಬಹುದು.

ಕೇಳಿಬರುವ ಪ್ರಶ್ನೆಗಳು

*ಮದುವೆಯಾಗಿ 12 ವರ್ಷ ಆಯ್ತು. ನೋಂದಣಿ ಇಲ್ಲ. ಗಂಡ ಬಿಟ್ಟು ಹೋಗಿದ್ದಾನೆ. ಇನ್ನೇನು ಗತಿ?*
ಎದೆಗುಂದಬೇಡಿ. ಜೀವನಾಂಶದ ಅರ್ಜಿಗೆ ಮದುವೆಯ ಕಟ್ಟುನಿಟ್ಟಿನ ಪುರಾವೆ ಬೇಕಿಲ್ಲ, ಗಂಡ-ಹೆಂಡತಿಯಾಗಿ ಬಹಳ ದಿನ ಬಾಳಿದ್ದೂ ಲೆಕ್ಕಕ್ಕೆ ಬರುತ್ತದೆ ಅಂತ 2018ರಲ್ಲಿ ಕರ್ನಾಟಕದ ಕಮಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರೇಷನ್ ಕಾರ್ಡ್, ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲೆ, ತಾಯಿ ಕಾರ್ಡ್, ಫೋಟೊ, ನೆರೆಹೊರೆಯವರ ಸಾಕ್ಷಿ ಕೂಡಿಸಿ.

*ಗಂಡ ನೋಂದಣಿಗೆ ಬರಲ್ಲ ಅಂತಾನೆ.*
ಇಬ್ಬರ ಸಹಿ ಬೇಕಾಗುವ ಕೆಲಸ ಇದು. ಅದಕ್ಕೇ ಮದುವೆ ಮಾತುಕತೆ ಹೊತ್ತಿನಲ್ಲೇ "ಮದುವೆಯಾದ ತಿಂಗಳೊಳಗೆ ನೋಂದಣಿ" ಅಂತ ಹಿರಿಯರ ಎದುರು ಮಾತಾಡಿಕೊಳ್ಳಿ. ಒಳ್ಳೆಯ ಮನೆಯವರು ಇದಕ್ಕೆ ಬೇಡ ಅನ್ನುವುದಿಲ್ಲ.

*ವಕೀಲರಿಗೆ ಕೊಡಲು ದುಡ್ಡಿಲ್ಲ.*
1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಎಲ್ಲ ಮಹಿಳೆಯರಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ ಅಥವಾ 15100ಕ್ಕೆ ಕರೆ ಮಾಡಿ.

*ರಾತ್ರೋರಾತ್ರಿ ಹೊರಗೆ ಹಾಕಿದರೆ ಎಲ್ಲಿ ಹೋಗೂದು?*
112 ಅಥವಾ 181ಕ್ಕೆ ಕರೆ ಮಾಡಿ. ಯಾವ ಠಾಣೆಗೆ ಹೋದರೂ ದೂರು ತಗೊಳ್ಳಬೇಕು, "ನಮ್ಮ ಹದ್ದಿಗೆ ಬರಲ್ಲ" ಅನ್ನುವ ಹಾಗಿಲ್ಲ. ಜಿಲ್ಲಾ ಕೇಂದ್ರ ಬಾಗಲಕೋಟೆಯಲ್ಲಿ ಸಖಿ ಕೇಂದ್ರ ಇದೆ. ತಾತ್ಕಾಲಿಕ ವಸತಿ, ವೈದ್ಯಕೀಯ, ಪೊಲೀಸ್ ಮತ್ತು ಕಾನೂನು ನೆರವು ಒಂದೇ ಕಡೆ ಸಿಗುತ್ತದೆ.

ಮನೆಯಲ್ಲಿ ಒಂದು ಫೈಲ್ ಇಡಿ

ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವ ಮನೆಗಳಲ್ಲಿ ಇಪ್ಪತ್ತು ರೂಪಾಯಿಯ ಒಂದು ಫೈಲ್ ಇರುವುದಿಲ್ಲ. ಲಗ್ನಪತ್ರಿಕೆ ಎರಡು, ನಾಲ್ಕು ಫೋಟೊ, ಮಂಗಲ ಕಾರ್ಯಾಲಯದ ರಸೀದಿ, ಬಂಗಾರದ ಬಿಲ್ಲು, ಉಡುಗೊರೆ ಪಟ್ಟಿ, ಇಬ್ಬರ ಆಧಾರ್ ಜೆರಾಕ್ಸ್, ನೋಂದಣಿ ಪತ್ರ. ಇಷ್ಟನ್ನು ಜೋಡಿಸಿ ಒಂದು ಪ್ರತಿ ಗಂಡನ ಮನೆಯಲ್ಲಿ, ಒಂದು ಪ್ರತಿ ತವರಿನಲ್ಲಿ ಇಡಿ. ಮೊಬೈಲ್‌ನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ.

ಸಂಸಾರ ಚೆನ್ನಾಗಿ ನಡೆದರೆ ಆ ಫೈಲ್ ಟ್ರಂಕಿನ ತಳದಲ್ಲೇ ಉಳಿಯುತ್ತದೆ, ಸಂತೋಷ. ಬೇಕಾದ ದಿನ ಬಂದರೆ ಹತ್ತು ಕಚೇರಿ ಅಲೆಯುವುದು ತಪ್ಪುತ್ತದೆ.

(ಇದು ಸಾಮಾನ್ಯ ಮಾಹಿತಿ. ಪ್ರತಿ ಪ್ರಕರಣ ಬೇರೆ ಇರುವುದರಿಂದ ಕ್ರಮ ತಗೊಳ್ಳುವ ಮೊದಲು ವಕೀಲರನ್ನು ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ.)